ಮಗಳಿಗೆ ‘ಶಾಂತಲಾ’ ಅಂತ ಹೆಸರಿಟ್ಟರೆ ಕೇಡಾಗುತ್ತಾ?

ಓದುಗರ ಪ್ರಶ್ನೆ: ನಮಗೆ ಹೋದ ವಾರ ಹೆಣ್ಣುಮಗು ಹುಟ್ಟಿದೆ. ನಾನೀಗ ಮೈಸೂರಿನ ತವರುಮನೆಯಲ್ಲಿದ್ದೇನೆ. ಯಜಮಾನರ ಕೆಲಸ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಐದಾರು ತಿಂಗಳಾದ ಮೇಲೆ ಮಗುವನ್ನು ಕರೆದುಕೊಂಡು ಅಲ್ಲಿಗೇ ಹೋಗಬೇಕು. ಮಗಳಿಗೆ ಶಾಂತಲಾ ಅಂತ ಹೆಸರಿಡಬೇಕು ಅನ್ನೋದು ನನ್ನ ಎಷ್ಟೋ ವರ್ಷದ ಆಸೆ. ಅತ್ತೆ ಒಪ್ಪುತ್ತಿಲ್ಲ. ‘ಮಕ್ಕಳಾಗಲಿಲ್ಲ ಅಂತ ಶಿವಗಂಗೆ ಬೆಟ್ಟದಿಂದ ಹಾರಿಕೊಂಡವಳ ಹೆಸರು ಎಳೆಕೂಸಿಗೆ ಯಾಕೆ?’ ಅಂತಾರೆ. ಚಿಕ್ಕಮಾವ ಅದು ಶಕುಂತಲಾ ಹೆಸರನ್ನೇ ತುಂಡು ಮಾಡಿದ್ದು ಅಂತಾರೆ. ಇಂಟರ್‌ನೆಟ್‌ನಲ್ಲಿ ನೋಡಿದರೆ ‘ಪಾರ್ವತಿ’ ಅಂತ ಅರ್ಥ ಕೊಟ್ಟಿದ್ದಾರೆ. ಯಜಮಾನರ ಆಫೀಸಿನ ಡಚ್ ಸಹೋದ್ಯೋಗಿ ‘ಅದು ಮಕ್ಕಳಿಗೆ ಎಣ್ಣೆ ತಿಕ್ಕೋದರ ಹೆಸರಲ್ವಾ?’ ಅಂತ ನಕ್ಕರಂತೆ. ನನಗೆ ತಲೆ ಕೆಟ್ಟುಹೋಗಿದೆ. ಈ ಹೆಸರು ನಿಜವಾಗಿ ಎಲ್ಲಿಯದು? ಈಗ ಯಾರೂ ಯಾಕೆ ಇಡುವುದಿಲ್ಲ? ಇಡಬಹುದಾ? ಬೇಡವೆಂದರೆ ಇದೇ ಥರದ ಬೇರೆ ಹೆಸರು ಇದೆಯಾ?

ಉತ್ತರ: ಮೊದಲು ನಿಮಗೆ, ಯಜಮಾನರಿಗೆ ಅಭಿನಂದನೆ. ನೀವು ಕೇಳಿರುವುದು ಐದಾರು ಪ್ರಶ್ನೆ. ಆದರೆ ನಿಮ್ಮನ್ನು ಕೊರೆಯುತ್ತಿರುವುದು ಅತ್ತೆಯ ಆ ಒಂದು ಮಾತು ಅಂತ ಕಾಣುತ್ತೆ. ಎಣ್ಣೆ, ಶಕುಂತಲೆ, ಪಾರ್ವತಿ ಎಲ್ಲ ಆಮೇಲೆ ನೋಡೋಣ. ಶಿವಗಂಗೆಯನ್ನು ಮೊದಲು ಇತ್ಯರ್ಥ ಮಾಡಿಬಿಡುತ್ತೇನೆ. ನಾನು ಹಳೆಯ ಶಾಸನ ಓದಿಕೊಂಡು, ಅದರಲ್ಲಿ ಬರುವ ಹೆಸರುಗಳ ಬಗ್ಗೆ ಪಾಠ ಮಾಡಿಕೊಂಡು ಬಂದವನು. ಈ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಬಹಳ ಸಲ ಕೇಳಿಸಿಕೊಂಡಿದ್ದೇನೆ.

ಶಿವಗಂಗೆ ಹತ್ತಿದವರಿಗೆಲ್ಲ ಆ ಕಥೆ ಗೊತ್ತು. ಗಂಗಾಧರೇಶ್ವರನ ಗುಡಿ ದಾಟಿ, ಒಳಕಲ್ಲು ತೀರ್ಥದಲ್ಲಿ ಕೈಗೆ ನೀರು ಸಿಗುತ್ತಾ ಅಂತ ನೋಡಿ, ಏದುಸಿರು ಬಿಡುತ್ತ ಮೇಲೆ ಹೋದರೆ ಯಾರಾದರೂ ಒಬ್ಬರು ಬಂಡೆಯ ಅಂಚು ತೋರಿಸಿ ‘ಇದೇ ನೋಡಿ ಶಾಂತಲಾ ಡ್ರಾಪ್’ ಅನ್ನುತ್ತಾರೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದ ರಾಣಿ, ಮಕ್ಕಳಿಲ್ಲದ ಕೊರಗು, ಸವತಿಯ ಕಾಟ, ಕೊನೆಗೆ ಈ ಬಂಡೆ. ಕೆಳಗೆ ಇಣುಕಿದರೆ ಯಾರಿಗಾದರೂ ಮೈ ಜುಂ ಅನ್ನುತ್ತೆ, ಕಥೆ ಮನಸ್ಸಲ್ಲಿ ಕೂತುಬಿಡುತ್ತೆ. ನಿಮ್ಮ ಅತ್ತೆಯೂ ಹೀಗೇ ಎಲ್ಲೋ ಕೇಳಿರುತ್ತಾರೆ. ಅವರ ತಪ್ಪೇನೂ ಇಲ್ಲ.

ಕಲ್ಲಿನ ಮೇಲೆ ಬರೆದಿರುವುದು ಬೇರೆ. ಶಾಂತಲೆ ತೀರಿಕೊಂಡಿದ್ದು ನಮಗೆ ತಿಳಿದಿರುವುದು ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಒಂದು ಶಾಸನದಿಂದ. ಕಾಲ 1131, ಚೈತ್ರ ಮಾಸ. ರಾಣಿ ಶಿವಗಂಗೆಯ ತೀರ್ಥದಲ್ಲಿ ‘ಮುಡಿಪಿ’ ಸ್ವರ್ಗಕ್ಕೆ ಹೋದಳು ಅಂತ ಅದು ಹೇಳುತ್ತೆ. ಈ ‘ಮುಡಿಪು’ ಅನ್ನುವ ಮಾತು ಚಂದ್ರಗಿರಿಯ ಬಂಡೆಗಳ ಮೇಲೆ ಏಳನೇ ಶತಮಾನದಿಂದಲೂ ಮತ್ತೆ ಮತ್ತೆ ಬರುತ್ತದೆ. ಜೈನ ಮುನಿಗಳು, ಸನ್ಯಾಸಿನಿಯರು ‘ನೋಂತು ಮುಡಿಪಿದರು’, ಅಂದರೆ ವ್ರತ ಹಿಡಿದು ದೇಹ ಬಿಟ್ಟರು ಅನ್ನುವ ಕಡೆಯಲ್ಲೆಲ್ಲ ಇದೇ ಮಾತು. ಗೌರವದ ಸಾವಿಗೆ ಬಳಸುತ್ತಿದ್ದ ಪದ ಅದು. ಬೆಟ್ಟದಿಂದ ಬಿದ್ದಳು ಅಂತಾಗಲೀ ಹಾರಿದಳು ಅಂತಾಗಲೀ ಶಾಸನದಲ್ಲಿ ಒಂದು ಅಕ್ಷರವೂ ಇಲ್ಲ. ಮಕ್ಕಳಿಲ್ಲದ ದುಃಖದ ಮಾತೂ ಇಲ್ಲ.

ಅದೇ ಶಾಸನ ಮುಂದೆ ಹೇಳುವ ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಶಾಂತಲೆಯ ತಾಯಿ ಮಾಚಿಕಬ್ಬೆ ಮಗಳು ಹೋದ ಮೇಲೆ ‘ರಾಣಿಗೆ ಸುಗತಿ ಆಯಿತು, ನಾನಿನ್ನು ಹಿಂದೆ ಉಳಿಯಲಾರೆ’ ಅಂತ ಬೆಳಗೊಳಕ್ಕೆ ಬರುತ್ತಾಳೆ. ಸನ್ಯಾಸ ತೆಗೆದುಕೊಂಡು, ಒಂದು ತಿಂಗಳು ಉಪವಾಸ ಮಾಡಿ ದೇಹ ಬಿಡುತ್ತಾಳೆ. ಮಗಳ ಸಾವಿಗೆ ‘ಸುಗತಿ’ ಅನ್ನುವ ತಾಯಿಯ ಮಾತು ಒಂದು ಕಡೆ, ಮಕ್ಕಳಿಲ್ಲದ ಕೊರಗಿಗೆ ಬಂಡೆಯಿಂದ ಹಾರಿದಳು ಅನ್ನುವ ಕಥೆ ಇನ್ನೊಂದು ಕಡೆ. ಎರಡೂ ಹೊಂದುವುದಿಲ್ಲ ಅಲ್ವಾ?

ಹಾಗಾದರೆ ಮಕ್ಕಳ ಮಾತು ಎಲ್ಲಿಂದ ಬಂತು? ವಿಷ್ಣುವರ್ಧನನ ನಂತರ ಪಟ್ಟಕ್ಕೆ ಬಂದ ಒಂದನೇ ನರಸಿಂಹ ಶಾಂತಲೆಯ ಮಗನಲ್ಲ, ಲಕ್ಷ್ಮೀದೇವಿ ಅನ್ನುವ ಇನ್ನೊಬ್ಬ ರಾಣಿಯ ಮಗ. ಇಷ್ಟು ನಿಜ. ಈ ಒಂದು ಎಳೆ ಹಿಡಿದು ಉಳಿದದ್ದನ್ನೆಲ್ಲ ನೇಯ್ದುಕೊಳ್ಳುವುದು ಕಷ್ಟವೇನಲ್ಲ. ಜೊತೆಗೆ ಶಾಂತಲೆಗೆ ‘ಉದ್ವೃತ್ತ ಸವತಿ ಗಂಧವಾರಣೆ’ ಅಂತ ಒಂದು ಬಿರುದಿದೆ. ಸೊಕ್ಕಿದ ಸವತಿಯರ ಪಾಲಿಗೆ ಮದದಾನೆ ಅಂತ. ಸವತಿಯರಿಂದ ನೊಂದು ಸತ್ತವಳು ಅಂತ ಕಥೆ ಕಟ್ಟಿರುವುದು ಇಂಥ ಬಿರುದು ಇಟ್ಟುಕೊಂಡಿದ್ದವಳ ಮೇಲೆ! ಆ ಬಿರುದನ್ನು ಮುಚ್ಚಿಟ್ಟುಕೊಂಡವಳೂ ಅಲ್ಲ. 1123ರಲ್ಲಿ ಚಂದ್ರಗಿರಿಯ ಮೇಲೆ ಶಾಂತಿನಾಥನಿಗೆ ಒಂದು ಬಸದಿ ಕಟ್ಟಿಸಿ, ಅದಕ್ಕೆ ಸವತಿಗಂಧವಾರಣ ಬಸದಿ ಅಂತಲೇ ಹೆಸರಿಟ್ಟಳು. ಇವತ್ತೂ ಅದೇ ಹೆಸರು. ಅತ್ತೆಯವರಿಗೆ ಈ ವಿಷಯ ಹೇಳಿ ನೋಡಿ, ನಗು ಬಂದರೂ ಬರಬಹುದು.

ಬದುಕಿನ ಉಳಿದ ವಿವರವನ್ನೂ ನೋಡಿ. ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜೈನಳು, ಗಂಡ ಬೇಲೂರಿನಲ್ಲಿ ವಿಜಯನಾರಾಯಣನ ಗುಡಿ ಕಟ್ಟಿಸಿದವನು. ಅದೇ 1117ರ ಹೊತ್ತಿಗೆ ಅದೇ ಅಂಗಳದಲ್ಲಿ ಶಾಂತಲೆಯೂ ಒಂದು ಗುಡಿ ಕಟ್ಟಿಸಿದಳು. ಈಗ ನಾವು ಕಪ್ಪೆ ಚೆನ್ನಿಗರಾಯ ಅನ್ನುವುದು ಅದನ್ನೇ. ಜೈನ ಬಸದಿಯೂ ಅವಳದೇ, ವಿಷ್ಣುವಿನ ಗುಡಿಯೂ ಅವಳದೇ, ಕೊನೆಯುಸಿರು ಎಳೆದಿದ್ದು ಶಿವನ ಕ್ಷೇತ್ರದಲ್ಲಿ. ಶಾಸನಗಳು ಅವಳ ಹಾಡು, ವಾದ್ಯ, ನೃತ್ಯವನ್ನು ಹೊಗಳುತ್ತವೆ. ‘ವಿವೇಕೈಕ ಬೃಹಸ್ಪತಿ’, ‘ಪ್ರತ್ಯುತ್ಪನ್ನ ವಾಚಸ್ಪತಿ’ ಅಂತಲೂ ಕರೆಯುತ್ತವೆ. ಎರಡನೆಯದಕ್ಕೆ ನಮ್ಮ ಮಾತಿನಲ್ಲಿ ಹೇಳುವುದಾದರೆ, ಕೇಳಿದ ತಕ್ಷಣ ಸರಿಯಾದ ಉತ್ತರ ಕೊಡುವವಳು. ಹೊಗಳಿಕೆ ಅಂದಮೇಲೆ ಉಪ್ಪುಖಾರ ಜಾಸ್ತಿಯೇ ಇರುತ್ತದೆ, ಒಪ್ಪುತ್ತೇನೆ. ಆದರೂ ರಾಣಿಯರನ್ನು ರೂಪಕ್ಕೆ ಹೊಗಳುವುದೇ ರೂಢಿಯಾಗಿದ್ದ ಕಾಲದಲ್ಲಿ ಬುದ್ಧಿಗೆ, ಮಾತಿನ ಚುರುಕಿಗೆ ಹೊಗಳಿಸಿಕೊಂಡಿದ್ದು ಸಣ್ಣ ವಿಷಯವಲ್ಲ.

ಬೇಲೂರಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕನ್ನಡಿ ಹಿಡಿದು ನಿಂತ ದರ್ಪಣಸುಂದರಿಯನ್ನು ತೋರಿಸಿ ‘ಇವಳೇ ಶಾಂತಲೆ’ ಅನ್ನುವ ರೂಢಿ ಇದೆ. ಮದನಿಕೆಗಳ ಕೆಳಗೆ ಬರಹ ಇರುವುದೇನೋ ನಿಜ. ಹತ್ತಿರ ಹೋಗಿ ಓದಿದರೆ ಸಿಗುವುದು ಶಿಲ್ಪಿಗಳ ಹೆಸರು, ಅವರ ಬಿರುದು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇಂಥವರು. ‘ಇದು ರಾಣಿಯ ಪ್ರತಿಮೆ’ ಅಂತ ಯಾವ ಮದನಿಕೆಯ ಕೆಳಗೂ ಇಲ್ಲ. ಕೆತ್ತಿದವರು ತಮ್ಮ ಹೆಸರು ಬಿಟ್ಟು ಹೋಗಿದ್ದಾರೆ, ನಾವು ಅದನ್ನು ಬಿಟ್ಟು ರಾಣಿಯನ್ನು ಹುಡುಕುತ್ತೇವೆ.

ಈಗ ಹೆಸರಿಗೇ ಬರೋಣ. ಶಾಸನಗಳಲ್ಲಿ ಬರುವುದು ಶಾಂತಲೆ, ಶಾಂತಲದೇವಿ ಅಂತ. ‘ಶಾಂತಲಾ’ ಅಂತ ಕೊನೆಯಲ್ಲಿ ದೀರ್ಘ ಎಳೆಯುವುದು ಈಚಿನ ರೂಢಿ. ‘ಶಾಂತ’ ಅನ್ನುವುದು ಸಂಸ್ಕೃತದ್ದು, ಎಲ್ಲರಿಗೂ ಗೊತ್ತಿರುವ ಮಾತು. ಕೊನೆಯ ‘ಲೆ’ ಮಾತ್ರ ಆ ಕಾಲದ ಕನ್ನಡನಾಡಿನದು. ಹನ್ನೊಂದು, ಹನ್ನೆರಡನೇ ಶತಮಾನದ ಹೆಂಗಸರ ಹೆಸರು ನೋಡುತ್ತ ಹೋದರೆ ಇದು ಸಾಲುಸಾಲಾಗಿ ಸಿಗುತ್ತದೆ. ಶಾಂತಲೆಯ ಅತ್ತೆ, ಅಂದರೆ ವಿಷ್ಣುವರ್ಧನನ ತಾಯಿ, ಏಚಲದೇವಿ. ವಿಷ್ಣುವರ್ಧನನ ಇನ್ನೊಬ್ಬ ರಾಣಿ ಬಮ್ಮಲದೇವಿ. ಅವನ ಅಣ್ಣ ಒಂದನೇ ಬಲ್ಲಾಳ ಮದುವೆಯಾದ ಮೂವರು ಅಕ್ಕತಂಗಿಯರು ಪದ್ಮಲದೇವಿ, ಚಾವಲದೇವಿ, ಬೊಪ್ಪದೇವಿ. ಕಲ್ಯಾಣದ ಚಾಲುಕ್ಯರ ಮನೆಯಲ್ಲಿ ಕೇತಲದೇವಿ, ಚಂದಲದೇವಿ, ಮೈಲಲದೇವಿ. ಬೆಳಗೊಳದ ಅಕ್ಕನ ಬಸದಿ ಕಟ್ಟಿಸಿದ ಆಚಲದೇವಿ ಮಂತ್ರಿಯೊಬ್ಬನ ಹೆಂಡತಿ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಹೆಂಡತಿ ಲಕ್ಷ್ಮಿಯನ್ನು ಶಾಸನ ಒಂದು ಕಡೆ ಲಕ್ಕಲೆ ಅನ್ನುತ್ತದೆ.

ಹೇಗೆ ಕಟ್ಟಿದ್ದಾರೆ ಅಂತ ನೋಡಿ. ಗಂಡಸಿಗೆ ಏಚ, ಹೆಂಗಸಿಗೆ ಏಚಲೆ. ಬಮ್ಮ, ಬಮ್ಮಲೆ. ಕೇತ, ಕೇತಲೆ. ಅದೇ ಕಾಲದಲ್ಲಿ ‘ಅಬ್ಬೆ’ ಸೇರಿಸುವ ಇನ್ನೊಂದು ದಾರಿಯೂ ಇತ್ತು. ಅತ್ತಿಮಬ್ಬೆ, ಮಾಚಿಕಬ್ಬೆ, ಗಂಗರಾಜನ ತಾಯಿ ಪೋಚಿಕಬ್ಬೆ. ತಾಯಿ ಮಾಚಿಕಬ್ಬೆ, ಮಗಳು ಶಾಂತಲೆ: ಈ ಜೋಡಿ ನೋಡಿದಾಗ ನನಗೆ ನಮ್ಮ ಮನೆಗಳೇ ನೆನಪಾಗುತ್ತವೆ. ತಾಯಿ ಗೌರಮ್ಮ, ಮಗಳು ಗೌರಿ, ಮೊಮ್ಮಗಳು ಗೌರಿಕಾ. ಆಗಲೂ ಹೆಸರಿಗೊಂದು ಫ್ಯಾಷನ್ ಇತ್ತು.

ಹೊಯ್ಸಳರ ಕಾಲ ಮುಗಿದ ಮೇಲೆ ಈ ‘ಲೆ’ ಹೆಸರುಗಳು ಹಿಂದೆ ಸರಿದವು. ಅಮ್ಮ, ಅಕ್ಕ, ಅವ್ವ, ಆಂಬೆ, ಅಮ್ಮಣ್ಣಿಗಳ ಕಾಲ ಬಂತು. ಶಾಂತಲಾ ಮತ್ತೆ ಮನೆಮಾತಾಗಿದ್ದು ಇಪ್ಪತ್ತನೇ ಶತಮಾನದಲ್ಲಿ. ಅದಕ್ಕೆ ಮೊದಲ ಕಾರಣ ಬಿ.ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಒಟ್ಟು ಮಾಡಿ ಅಚ್ಚು ಹಾಕಿಸಿದ್ದು. ಆರ್. ನರಸಿಂಹಾಚಾರ್ ಅವರು ಆಮೇಲೆ ಅದನ್ನು ದೊಡ್ಡದು ಮಾಡಿದರು. ಕಲ್ಲಿನಲ್ಲಿದ್ದ ರಾಣಿ ಪುಸ್ತಕಕ್ಕೆ ಬಂದಳು. ಅಲ್ಲಿಂದ ಸಾಮಾನ್ಯ ಓದುಗರ ಮನೆಗೆ ತಂದವರಲ್ಲಿ ಮುಖ್ಯರು ಕೆ.ವಿ. ಅಯ್ಯರ್. ಅವರ ‘ಶಾಂತಲಾ’ ಕಾದಂಬರಿ ಓದಿದ ತಾಯಂದಿರು ಮಗಳಿಗೆ ಅದೇ ಹೆಸರಿಟ್ಟರು. ತಮಾಷೆ ಏನಂದರೆ, ಅಯ್ಯರ್ ಹೆಸರುವಾಸಿಯಾಗಿದ್ದು ಅಂಗಸಾಧನೆಗೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಎಷ್ಟೋ ಹುಡುಗರ ಮೈ ಕಟ್ಟಿದವರು. ನಮ್ಮ ಅಕ್ಕಂದಿರ ಹೆಸರಿನ ಹಿಂದೆ ಒಬ್ಬ ಪೈಲ್ವಾನರ ಕೈ ಇದೆ! ಆಮೇಲೆ ಸಿ.ಕೆ. ನಾಗರಾಜರಾಯರು ಇದೇ ರಾಣಿಯ ಮೇಲೆ ಬರೆದ ದೊಡ್ಡ ಕಾದಂಬರಿಗೆ ಮೂರ್ತಿದೇವಿ ಪ್ರಶಸ್ತಿ ಬಂತು.

ಅಷ್ಟು ಹೊತ್ತಿಗೆ ಹೆಸರು ಊರಿನ ತುಂಬ ಹರಡಿತ್ತು. ಮೈಸೂರಿನವರಾದ ನಿಮಗೆ ಶಾಂತಲಾ ಟಾಕೀಸ್ ನೆನಪಿರಬೇಕು, 2020ರಲ್ಲಿ ಬಾಗಿಲು ಹಾಕಿತು. ಬೆಂಗಳೂರಿನಲ್ಲಿ ಶಾಂತಲಾ ನಗರ ಇದೆ. ನೃತ್ಯ ಕಲಾವಿದರಿಗೆ ರಾಜ್ಯ ಸರ್ಕಾರ ಕೊಡುವ ಪ್ರಶಸ್ತಿ ಶಾಂತಲಾ ನಾಟ್ಯಶ್ರೀ. ಸೀರೆ ಅಂಗಡಿ, ಹೋಟೆಲು, ಭರತನಾಟ್ಯ ಶಾಲೆ, ಎಲ್ಲ ಕಡೆ ಈ ಹೆಸರು. ಒಂದು ಹೆಸರು ಇಷ್ಟು ಬೋರ್ಡುಗಳ ಮೇಲೆ ಹತ್ತಿದ ಮೇಲೆ ತೊಟ್ಟಿಲಿಗೆ ಬರುವುದು ನಿಧಾನವಾಗುತ್ತೆ. ಹೆಸರು ಕೇಳಿದರೆ ಮಗುವಿನ ಮುಖಕ್ಕಿಂತ ಮೊದಲು ಅಂಗಡಿ ಕಣ್ಣ ಮುಂದೆ ಬಂದರೆ ಜನ ಹಿಂಜರಿಯುತ್ತಾರೆ.

ಈಗ ಕಡಿಮೆಯಾಗಿರುವುದಕ್ಕೆ ಇನ್ನೂ ಒಂದು ಕಾರಣ ಇದೆ, ಅದು ನನ್ನ ಪ್ರಕಾರ ಇದಕ್ಕಿಂತ ದೊಡ್ಡದು. ಕಿವಿಗೆ ಶಾಂತಲಾ ಬೀಳುವುದು ನಿರ್ಮಲಾ, ವಿಮಲಾ, ಕಮಲಾ, ಕೋಮಲಾ, ಶಕುಂತಲಾ ಇವರ ಜೊತೆಗೆ. ಅವರೆಲ್ಲ ಈಗ ನಮ್ಮ ಚಿಕ್ಕಮ್ಮ, ದೊಡ್ಡಮ್ಮ, ರಿಟೈರ್ ಆದ ಟೀಚರು. ಹುಟ್ಟಿದ ಮಗುವಿಗೆ ಚಿಕ್ಕಮ್ಮನ ಕಾಲದ ಹೆಸರು ಬೇಡ ಅಂತ ಎಲ್ಲರಿಗೂ ಅನ್ನಿಸುತ್ತದೆ. ಅಜ್ಜಿಯ ಅಜ್ಜಿಯ ಕಾಲದ್ದಾದರೆ ಪರವಾಗಿಲ್ಲ, ಹೊಸದಾಗಿ ಕೇಳಿಸುತ್ತದೆ! ಅದಕ್ಕೇ ಆದ್ಯಾ, ಅನ್ವಿ, ಧೃತಿ ಅಂತ ಎರಡಕ್ಷರದ ಹೆಸರುಗಳು ತುಂಬಿಕೊಂಡಿರುವುದು. ನಿಮ್ಮ ಮಗಳ ಕ್ಲಾಸಿನಲ್ಲಿ, ಮೈಸೂರಿನಲ್ಲೇ ಓದಿದರೂ, ಇನ್ನೊಬ್ಬಳು ಶಾಂತಲಾ ಸಿಗುವುದು ಅಪರೂಪ. ಕರ್ನಾಟಕದ ಆಚೆಗಂತೂ ಈ ಹೆಸರು ಮೊದಲಿಂದಲೂ ಕಡಿಮೆಯೇ. ನಮ್ಮ ದೇಶದಲ್ಲಿ ಅಮೆರಿಕದ ಹಾಗೆ ಯಾವ ವರ್ಷ ಯಾವ ಹೆಸರು ಎಷ್ಟು ಅಂತ ಸರ್ಕಾರ ಪಟ್ಟಿ ಹೊರಡಿಸುವುದಿಲ್ಲ. ಹಾಗಾಗಿ ‘ಟಾಪ್ ನೂರರಲ್ಲಿ ಇಷ್ಟನೇ ಸ್ಥಾನ’ ಅಂತ ಹೆಸರಿನ ಸೈಟುಗಳು ಕೊಡುವ ಅಂಕಿಯನ್ನು ನಂಬಬೇಡಿ.

ಉಳಿದ ಗೊಂದಲಗಳನ್ನು ಬೇಗ ಬೇಗ ನೋಡೋಣ.

ಚಿಕ್ಕಮಾವನ ಶಕುಂತಲಾ ಸರಿಯಲ್ಲ. ಶಕುಂತ ಅಂದರೆ ಹಕ್ಕಿ. ಕಾಡಿನಲ್ಲಿ ಬಿಟ್ಟುಹೋದ ಮಗುವನ್ನು ಹಕ್ಕಿಗಳು ಕಾದದ್ದರಿಂದ ಕಣ್ವರು ಆ ಹೆಸರಿಟ್ಟರು ಅಂತ ಮಹಾಭಾರತವೇ ಹೇಳುತ್ತದೆ. ಅಲ್ಲಿ ಶಾಂತ ಇಲ್ಲ, ಇಲ್ಲಿ ಹಕ್ಕಿ ಇಲ್ಲ. ಆದರೆ ಒಂದು ತೊಂದರೆಗೆ ಮಾತ್ರ ತಯಾರಾಗಿರಿ. ಫೋನಿನಲ್ಲಿ ಹೆಸರು ಹೇಳಿದರೆ ಹತ್ತರಲ್ಲಿ ಮೂರು ಜನ ಶಕುಂತಲಾ ಅಂತಲೇ ಬರೆದುಕೊಳ್ಳುತ್ತಾರೆ.

ಪಾರ್ವತಿ ಅನ್ನುವ ಅರ್ಥ ಒಂದು ಸೈಟಿನಿಂದ ಇನ್ನೊಂದಕ್ಕೆ ನಕಲಾಗುತ್ತ ಬಂದದ್ದು. ಲಲಿತಾ ಸಹಸ್ರನಾಮದಲ್ಲಿ ‘ಶಾಂತಾ’ ಇದೆ, ‘ಶಾಂತಿಃ’ ಇದೆ, ‘ಶಾಂತಲಾ’ ಇಲ್ಲ. ಅತ್ತೆಯವರಿಗೆ ದೇವಿಯ ಹೆಸರೇ ಬೇಕು ಅನ್ನಿಸಿದರೆ ಆ ನಂಟು ಹೇಳಬಹುದು, ಸುಳ್ಳಾಗುವುದಿಲ್ಲ.

ಎಣ್ಣೆ ತಿಕ್ಕುವ ವಿಷಯ ನಿಮಗೆ ವಿಚಿತ್ರ ಅನ್ನಿಸಿರಬಹುದು, ಆದರೆ ಆ ಡಚ್ ಸಹೋದ್ಯೋಗಿ ಹೇಳಿದ್ದು ನಿಜ. ಫ್ರೆಡೆರಿಕ್ ಲೆಬೊಯೆ ಅಂತ ಫ್ರಾನ್ಸಿನ ಒಬ್ಬ ಹೆರಿಗೆ ಡಾಕ್ಟರು ಕೋಲ್ಕತ್ತಕ್ಕೆ ಬಂದಿದ್ದಾಗ ಒಬ್ಬ ತಾಯಿ ಬೀದಿಯ ಬದಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವುದನ್ನು ಕಂಡರು. ನಮ್ಮ ಬಾಣಂತಿ ಮನೆಗಳಲ್ಲಿ ದಿನಾ ನಡೆಯುವ ಕೆಲಸ. ಅವರಿಗೆ ಅದು ಹೊಸ ಲೋಕ. ಆಕೆಯ ಹೆಸರು ಶಾಂತಲಾ. 1976ರಲ್ಲಿ ಅವರು ಫೋಟೋ ಸಮೇತ ತಂದ ಪುಸ್ತಕಕ್ಕೂ ಅದೇ ಹೆಸರಿಟ್ಟರು. ಅಲ್ಲಿಂದ ಫ್ರಾನ್ಸ್, ನೆದರ್‌ಲ್ಯಾಂಡ್ಸ್, ಬ್ರೆಜಿಲ್ ಇಂಥ ಕಡೆಗಳಲ್ಲಿ ಮಕ್ಕಳ ಎಣ್ಣೆ ಮಾಲೀಸಿಗೇ ‘ಶಾಂತಲಾ’ ಅನ್ನುವ ಹೆಸರು ನಿಂತುಬಿಟ್ಟಿದೆ. ನಮ್ಮ ರಾಣಿಗೂ ಇದಕ್ಕೂ ಸಂಬಂಧ ಇಲ್ಲ. ನಿಮಗೆ ಇದರಿಂದ ತೊಂದರೆ ಆಗುತ್ತಾ? ನನಗೇನೋ ಹಾಗನ್ನಿಸುವುದಿಲ್ಲ. ಅಲ್ಲಿನ ತಾಯಂದಿರಿಗೆ ಅದು ಹಿತವಾದ ಪದ. ಹೈಸ್ಕೂಲಿನಲ್ಲಿ ಯಾರಾದರೂ ಒಂದೆರಡು ಸಲ ರೇಗಿಸಬಹುದು. ಆದರೆ ಗೊತ್ತಿದ್ದು ಇಡುವುದು ಬೇರೆ, ಆಮೇಲೆ ಗೊತ್ತಾಗುವುದು ಬೇರೆ. ಅದಕ್ಕೇ ಇಷ್ಟು ಹೇಳಿದೆ.

ಅಲ್ಲಿ ಇನ್ನೊಂದು ಹೆಸರಿನ ಜೊತೆಗೂ ಇದು ಕಲೆಸಿಹೋಗುತ್ತದೆ: ಶಾಂಟಲ್. ಫ್ರಾನ್ಸಿನಲ್ಲಿ ಒಂದು ಕಾಲಕ್ಕೆ ಬಹಳ ಚಾಲ್ತಿಯಲ್ಲಿದ್ದ ಹೆಂಗಸರ ಹೆಸರು. ಅದು ಮೊದಲು ಊರಿನ ಹೆಸರು. 1641ರಲ್ಲಿ ತೀರಿಕೊಂಡ ಜಾನ್ ದ ಶಾಂಟಲ್ ಅನ್ನುವ ಸಂತಳಿಂದ ಹುಡುಗಿಯರ ಹೆಸರಾಯಿತು. ಸದ್ದು ಹತ್ತಿರ, ನಂಟು ಏನೂ ಇಲ್ಲ.

ಇನ್ನು ಏನು ಮಾಡಬಹುದು?

ಶಾಂತಲಾ ಅಂತಲೇ ಇಡುವುದು ಮೊದಲ ದಾರಿ. ನನ್ನ ಮತ ಇದಕ್ಕೇ. ಅಪಾಯ ಏನಾದರೂ ಇದ್ದರೆ ಮನೆಯೊಳಗೇ. ಅತ್ತೆಯ ಮನಸ್ಸಿನಲ್ಲಿ ಆ ಕಥೆ ಉಳಿದರೆ, ಮಗುವಿಗೆ ಸಣ್ಣ ಜ್ವರ ಬಂದರೂ ‘ನಾನು ಆಗಲೇ ಹೇಳಿದ್ದೆ’ ಅನ್ನುವ ಮಾತು ಬರುತ್ತದೆ. ಅದಕ್ಕೆ ವಾದ ಮಾಡಿ ಗೆಲ್ಲುವುದಕ್ಕಿಂತ ಅವರನ್ನು ಒಂದು ದಿನ ಬೆಳಗೊಳಕ್ಕೆ ಕರೆದುಕೊಂಡು ಹೋಗಿ. ಎದುರಿನ ದೊಡ್ಡ ಬೆಟ್ಟದಷ್ಟು ಮೆಟ್ಟಿಲು ಚಂದ್ರಗಿರಿಗೆ ಇಲ್ಲ, ನಿಧಾನಕ್ಕೆ ಹತ್ತಬಹುದು. ಬಸದಿಯನ್ನು ಕಣ್ಣಾರೆ ನೋಡಿದವರಿಗೆ ಬಂಡೆಯ ಕಥೆ ತಾನಾಗಿ ಹಿಂದೆ ಹೋಗುತ್ತದೆ. ನಾನು ಕಂಡ ಹಾಗೆ ಹಿರಿಯರಿಗೆ ಬೇಕಾಗಿರುವುದು ಪುರಾವೆಗಿಂತ ಹೆಚ್ಚಾಗಿ, ತಮ್ಮ ಭಯವನ್ನು ಯಾರೋ ಕೇಳಿಸಿಕೊಂಡರು ಅನ್ನುವ ಸಮಾಧಾನ. ಇನ್ನೂ ಒಂದು ಮಾತು ಅವರಿಗೆ ಹೇಳಬಹುದು. ಸೀತೆ ಪಟ್ಟ ಕಷ್ಟ ಯಾರಿಗೆ ಗೊತ್ತಿಲ್ಲ? ಆದರೂ ಜಾನಕಿ, ವೈದೇಹಿ, ಮೈಥಿಲಿ ಅಂತ ಮನೆಮನೆಯಲ್ಲಿ ಇಟ್ಟಿದ್ದೇವೆ.

ಎರಡನೆಯದು, ನಾಮಕರಣದಲ್ಲಿ ಅತ್ತೆಗೂ ಒಂದು ಹೆಸರು ಬಿಟ್ಟುಕೊಡುವುದು. ಹೇಗೂ ತಟ್ಟೆಯ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಬರೆಯುವಾಗ ಮಾಸನಾಮ, ನಕ್ಷತ್ರನಾಮ ಅಂತ ಬೇರೆ ಬೇರೆ ಬರೆಯುವುದಿದೆ, ವ್ಯವಹಾರದ ಹೆಸರು ಕೊನೆಗೆ. ನಕ್ಷತ್ರದ ಅಕ್ಷರ ಕೂಡಿಬರಲಿಲ್ಲ ಅಂತ ಯಾರಾದರೂ ತಕರಾರು ತೆಗೆದರೂ ಅಲ್ಲೇ ಪರಿಹಾರ ಇದೆ. ಅತ್ತೆ ತಮ್ಮ ಹೆಸರಿನಿಂದಲೇ ಕರೆದುಕೊಳ್ಳಲಿ. ಒಂದೇ ಎಚ್ಚರ: ಕಾಗದಪತ್ರದಲ್ಲಿ ಎರಡೂ ಹೆಸರು ಸೇರಿಸಲು ಹೋಗಬೇಡಿ. ಆಸ್ಪತ್ರೆಯ ಚೀಟಿಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಆದರೆ ಮಗುವಿನ ವೀಸಾ ಹೊತ್ತಿಗೆ ಓಡಾಟ ನಿಮ್ಮದೇ.

ಮೂರನೆಯದು, ಅದೇ ಕಾಲದ ಬೇರೆ ಹೆಸರು. ಪದ್ಮಲಾ ನನಗೆ ಬಹಳ ಇಷ್ಟ. ಕೇಳಲು ಮೃದು, ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಪದ್ಮಾಗಿಂತ ಹೊಸದು. ಏಚಲಾ ನಿಜಕ್ಕೂ ಅಪರೂಪ. ಹೊಯ್ಸಳ ದೊರೆಯ ತಾಯಿಯ ಹೆಸರು, ಅಶುಭದ ಕಥೆ ಯಾವುದೂ ಅಂಟಿಕೊಂಡಿಲ್ಲ. ಆದರೆ ಜೀವನವಿಡೀ ‘ಏನಂದ್ರಿ? ಇನ್ನೊಂದ್ಸಲ ಹೇಳಿ’ ಅನ್ನಿಸಿಕೊಳ್ಳಬೇಕಾಗುತ್ತದೆ. ಬಮ್ಮಲಾ, ಕೇತಲಾ ಬೇಡ, ಸ್ಕೂಲಿನಲ್ಲಿ ಮಕ್ಕಳು ಸುಮ್ನೆ ಬಿಡುವುದಿಲ್ಲ. ಚಂದಲಾ ಕನ್ನಡದಲ್ಲಿ ಮುದ್ದಾಗಿದೆ, ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ. ಓದುವವರು ಚಂಡಾಲ ಅಂತ ಓದುತ್ತಾರೆ. ಅದನ್ನು ಖಂಡಿತ ಇಡಬೇಡಿ. ಶಾಂತಲದೇವಿ ಅಂತ ಪೂರ್ತಿ ಇಡುವವರೂ ಇದ್ದಾರೆ. ಫಾರ್ಮ್ ತುಂಬುವಾಗ ‘ದೇವಿ’ ಸರ್‌ನೇಮ್ ಆಗಿಬಿಡುತ್ತದೆ, ಅಷ್ಟು ನೋಡಿಕೊಳ್ಳಬೇಕು.

ಇನ್ನು ಸ್ಪೆಲಿಂಗ್. ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಆಮೇಲೆ ಪರದಾಡುತ್ತಾರೆ. ನಮ್ಮಲ್ಲಿ ‘ತ’ಕಾರಕ್ಕೆ ಟಿ ಜೊತೆ ಎಚ್ ಹಾಕುವುದು ರೂಢಿ. ಉತ್ತರದವರು ಅದನ್ನು ಶಾಂಥಲಾ ಅಂತ ಓದುತ್ತಾರೆ. ಬರೀ ಟಿ ಹಾಕಿದರೆ ಇಂಗ್ಲಿಷಿನವರ ಬಾಯಲ್ಲಿ ಶಾಂಟಲಾ ಆಗುತ್ತದೆ. ನೀವು ಹೋಗುತ್ತಿರುವುದು ನೆದರ್‌ಲ್ಯಾಂಡ್ಸ್‌ಗೆ. ಡಚ್ಚರ ‘ಟಿ’ ಇಂಗ್ಲಿಷಿನವರದಕ್ಕಿಂತ ನಮ್ಮ ‘ತ’ಕ್ಕೆ ಹತ್ತಿರ, ಎಚ್ ಇದ್ದರೂ ಅವರು ಅದನ್ನು ನುಂಗಿಬಿಡುತ್ತಾರೆ. ಹಾಗಾಗಿ ಎಚ್ ಇಲ್ಲದ ರೂಪವೇ ನಿಮಗೆ ಅನುಕೂಲ. ನಡುವಿನ ಅಕ್ಷರ ಎಳೆದು ‘ಶಾಂತಾಲಾ’ ಅನ್ನುತ್ತಾರೆ, ಅದನ್ನು ಮಗಳೇ ಮುಂದೆ ತಿದ್ದಿಕೊಳ್ಳಲಿ.

ಯಾವುದೇ ರೂಪ ಇರಲಿ, ಜನನ ಪ್ರಮಾಣಪತ್ರದಲ್ಲಿ ಬಂದದ್ದೇ ಎಲ್ಲ ಕಡೆ ಮುಂದುವರಿಯಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟಿಗೆ ಹುಟ್ಟಿದ ತಾರೀಖಿನ ದಾಖಲೆಯಾಗಿ ಜನನ ಪ್ರಮಾಣಪತ್ರವನ್ನೇ ಕೇಳುತ್ತಾರೆ. ಮನೆಯಲ್ಲಿ ಮಾತು ಇನ್ನೂ ಮುಗಿದಿಲ್ಲ ಅಂತಾದರೆ ಅವಸರ ಬೇಡ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಿದ್ದರೆ ಸಾಕು, ಹೆಸರು ಬಿಟ್ಟು ನೋಂದಾಯಿಸಬಹುದು. ಹೆಸರು ಸೇರಿಸಲು ಒಂದು ವರ್ಷದವರೆಗೆ ಶುಲ್ಕವಿಲ್ಲ, ಆಮೇಲೂ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ನಿಮಗೆ ಪಾಸ್‌ಪೋರ್ಟ್ ಮಾಡಿಸಬೇಕಾದ್ದರಿಂದ ಮೂರು ತಿಂಗಳೊಳಗೆ ಮುಗಿಸಿಕೊಳ್ಳಿ. ಸರ್‌ನೇಮ್ ಕಾಲಂ ಖಾಲಿ ಬಿಡಬೇಡಿ, ಬರೀ ಇನಿಷಿಯಲ್ಲನ್ನೂ ಹಾಕಬೇಡಿ. ನಮ್ಮ ಕಡೆ ಅದು ನಡೆಯುತ್ತೆ, ಅಲ್ಲಿನ ನಗರಸಭೆ ಕಚೇರಿಯಲ್ಲಿ ಮಗುವಿನ ಹೆಸರು ಹಿಂದುಮುಂದಾಗುತ್ತೆ. ತಂದೆಯ ಪಾಸ್‌ಪೋರ್ಟಿನಲ್ಲಿ ಯಾವ ಸರ್‌ನೇಮ್ ಇದೆಯೋ ಅದನ್ನೇ, ಒಂದು ಅಕ್ಷರವೂ ಬದಲಾಗದ ಹಾಗೆ, ಮಗಳಿಗೂ ಬರೆಸಿ.